ಸ್ಕ್ರೂ ಡ್ರೈವರ್ ಕೊನೆಗೆ

ಬೇಸಿಗೆ ರಜೆಗೆ ಬಂದಿದ್ದ ಅಣ್ಣನ ಮಗಳು ಬೀರುವಿನ ತಳದಿಂದ, ಮದುವೆ ಆಲ್ಬಮ್ಮುಗಳ ಅಡಿಯಿಂದ, ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾವೊಂದನ್ನು ಎಳೆದು ತಂದಳು. ಕಾಲೇಜು ಮಕ್ಕಳಿಗೆ ಈಗ ಹಳೆಯ ಡಿಜಿಟಲ್ ಕ್ಯಾಮೆರಾದ ಹುಚ್ಚು. ಮೊಬೈಲಿನ ಫೋಟೊ ತೀರಾ ನುಣುಪಂತೆ. ಗುಂಡಿ ಒತ್ತಿದಳು. ಲೆನ್ಸು ಅರ್ಧ ಹೊರಗೆ ಬಂದು ಕಿರ್ರೆಂದು ನಿಂತಿತು, ಪರದೆ ಕಪ್ಪಾಯಿತು. ‘ಸತ್ತೇ ಹೋಗಿದೆ ಚಿಕ್ಕಪ್ಪ’ ಎಂದಳು. ಹತ್ತು ವರ್ಷದ ಹಿಂದೆ ಪೇಟೆಯ ಅಂಗಡಿಯವನೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದ: ‘ಬೋರ್ಡ್ ಹೋಗಿದೆ ಸರ್, ಪಾರ್ಟ್ಸ್ ಬರಲ್ಲ.’ ಅದನ್ನು ನಂಬಿ ಬೀರುವಿಗೆ ಸೇರಿಸಿದ್ದು ನಾನೇ. ಈ ಸಲ ಸೆಲ್ಲಿನ ಗೂಡು ತೆರೆದು ನೋಡಿದೆ. ಹುಡುಗಿ ಗೋಡೆ ಗಡಿಯಾರದಿಂದ ಎರಡು ಸೆಲ್ ಕಿತ್ತು ಹಾಕಿದ್ದಳು.

ಅಂಥ ಕ್ಯಾಮೆರಾಗಳಿಗೆ ಬರುವ ಕಾಯಿಲೆಗಳಲ್ಲಿ ಮೊದಲ ಗುಮಾನಿ ಯಾವತ್ತೂ ಸೆಲ್ಲಿನ ಮೇಲೇ ಇರಲಿ. ರಿಮೋಟಿಗೂ ಗಡಿಯಾರಕ್ಕೂ ಹಾಕುವ ಅಗ್ಗದ ಸೆಲ್ಲುಗಳು ಸತು–ಇಂಗಾಲದವು. ಗಡಿಯಾರ ಹನಿಹನಿಯಾಗಿ ಕುಡಿಯುತ್ತದೆ, ಹಾಗಾಗಿ ಅದಕ್ಕೆ ಅವು ವರ್ಷಕ್ಕೂ ಸಾಕು. ಕ್ಯಾಮೆರಾ ಹಾಗಲ್ಲ. ಲೆನ್ಸಿನ ಮೋಟಾರು ತಿರುಗುವಾಗ, ಫ್ಲ್ಯಾಶ್ ತುಂಬಿಕೊಳ್ಳುವಾಗ ಅದಕ್ಕೆ ಒಮ್ಮೆಲೇ ಗಟಗಟ ಬೇಕು. ಆ ಹೊತ್ತಿಗೆ ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಅಲ್ಲೇ ಮಲಗುತ್ತದೆ. ಆಲ್ಕಲೈನ್ ಸೆಲ್ಲು ಸ್ವಲ್ಪ ವಾಸಿ. ರೀಚಾರ್ಜ್ ಮಾಡಬಹುದಾದ ನಿಕ್ಕಲ್–ಮೆಟಲ್ ಹೈಡ್ರೈಡ್ ಸೆಲ್ಲೇ ಸರಿಯಾದದ್ದು. ಅದರ ಮೇಲೆ 1.5 ವೋಲ್ಟ್ ಬದಲು 1.2 ಎಂದು ಬರೆದಿರುವುದನ್ನು ನೋಡಿ ಹಿಂಜರಿಯಬೇಡಿ. ಭಾರ ಬಿದ್ದಾಗ ಕುಸಿಯದೆ ನಿಲ್ಲುವುದು ಅದೇ. ಎರಡೂ ಸೆಲ್ಲು ಒಂದೇ ಜೊತೆಯವಾಗಿರಲಿ, ಹೊಸದರ ಜೊತೆ ಹಳೆಯದನ್ನು ಜೋಡಿಸಬಾರದು. ಕೆಲವು ಮಾಡೆಲ್‌ಗಳ ಮೆನುವಿನಲ್ಲಿ ಸೆಲ್ಲಿನ ಬಗೆಯನ್ನು ಆರಿಸುವ ಸಾಲೂ ಇರುತ್ತದೆ. ಅದು ತಪ್ಪಾಗಿದ್ದರೆ ತುಂಬಿದ ಸೆಲ್ಲನ್ನೂ ಕ್ಯಾಮೆರಾ ಖಾಲಿ ಎಂದು ಓದೀತು.

ಗೂಡಿನಲ್ಲಿ ಬಿಳಿ ಹುಡಿ ಕಂಡರೆ ಹಳೆಯ ಸೆಲ್ಲು ಸೋರಿದೆ ಎಂದರ್ಥ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ. ಅದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ: ವಿನೆಗರ್, ಇಲ್ಲವೇ ಲಿಂಬೆರಸ. ಇಯರ್ ಬಡ್ಡನ್ನು ಅದರಲ್ಲಿ ಅದ್ದಿ, ಹಿಂಡಿ, ಲೋಹದ ಪಟ್ಟಿಗಳ ಮೇಲಷ್ಟೇ ಸವರಿ. ಸುರಿಯಬೇಡಿ. ಹುಡಿ ಬಿಟ್ಟ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಇನ್ನೊಂದು ಬಡ್‌ನಿಂದ ಒರೆಸಿ ಆರಲು ಬಿಡಿ. ಮೊಬೈಲ್ ರಿಪೇರಿಯವರು ‘ಐಪಿಎ’ ಎಂದು ಕರೆಯುವುದು ಇದನ್ನೇ. ಅವರಲ್ಲೇ ಕೇಳಿದರೆ ಸಿಗುತ್ತದೆ, ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆ ಇದ್ದೇ ಇದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಹುಡಿ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

ಚಪ್ಪಟೆ ಲಿಥಿಯಂ ಬ್ಯಾಟರಿಯ ಕಥೆ ಬೇರೆ. ವರ್ಷಗಟ್ಟಲೆ ಚಾರ್ಜ್ ಕಾಣದೆ ಬಿದ್ದಿದ್ದರೆ ಅದರ ವೋಲ್ಟೇಜ್ ಎಷ್ಟು ಇಳಿದಿರುತ್ತದೆಂದರೆ ಚಾರ್ಜರೇ ಅದನ್ನು ಮುಟ್ಟಲು ಒಪ್ಪುವುದಿಲ್ಲ; ದೀಪ ಪಟಪಟ ಮಿನುಗಿ ಸುಮ್ಮನಾಗುತ್ತದೆ. ತಂತಿ ಜೋಡಿಸಿ ಬೇರೆ ಬ್ಯಾಟರಿಯಿಂದ ಅದಕ್ಕೆ ‘ಜೀವ’ ಕೊಡುವ ವಿಡಿಯೊಗಳು ಬೇಕಾದಷ್ಟಿವೆ. ಅವನ್ನು ನೋಡಿ, ಮಾಡಬೇಡಿ. ಹೊಟ್ಟೆ ಉಬ್ಬಿದ ಬ್ಯಾಟರಿಯಾದರೆ ಚಾರ್ಜರಿಗೂ ಹಾಕಬಾರದು, ಕಸದ ಬುಟ್ಟಿಗೂ ಎಸೆಯಬಾರದು, ಇ–ತ್ಯಾಜ್ಯದವರಿಗೆ ಕೊಡಿ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಅನುಮಾನ ಬೇಗ ಪರಿಹಾರವಾಗುತ್ತದೆ. ಪೂರ್ತಿ ಚಾರ್ಜ್ ಆದ ಸಣ್ಣ ಕ್ಯಾಮೆರಾ ಬ್ಯಾಟರಿ 4.2 ವೋಲ್ಟಿನ ಹತ್ತಿರ, ಎರಡು ಕೋಶಗಳ ಡಿಎಸ್‌ಎಲ್‌ಆರ್ ಬ್ಯಾಟರಿ 8.4ರ ಹತ್ತಿರ ತೋರಿಸಬೇಕು.

ಬ್ಯಾಟರಿ ಸರಿಯಿದ್ದೂ ಕ್ಯಾಮೆರಾ ಏಳದಿದ್ದರೆ ಬ್ಯಾಟರಿಯ ಮುಚ್ಚಳ ನೋಡಿ. ಅದು ಬರೀ ಮುಚ್ಚಳವಲ್ಲ. ಬಹಳ ಕ್ಯಾಮೆರಾಗಳಲ್ಲಿ ಅದರ ಅಂಚಿನ ಒಂದು ಮೊಳೆಯಂಥ ಪ್ಲಾಸ್ಟಿಕ್ ಚೂರು ಒಳಗಿನ ಪುಟ್ಟ ಸ್ವಿಚ್ಚನ್ನು ಅದುಮಿಕೊಂಡಿರುತ್ತದೆ. ಆ ಚೂರು ಮುರಿದರೆ ಮುಚ್ಚಳ ತೆರೆದೇ ಇದೆಯೆಂದು ಕ್ಯಾಮೆರಾ ತಿಳಿದುಕೊಳ್ಳುತ್ತದೆ. ಸೆಲ್ ಹಾಕುವ ಕ್ಯಾಮೆರಾಗಳಲ್ಲಿ ಕೊಕ್ಕೆ ಸವೆದು ಮುಚ್ಚಳ ಸಡಿಲವಾಗುವುದೂ ಉಂಟು. ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿದು ಆನ್ ಮಾಡಿ. ಎದ್ದರೆ ರೋಗ ಸಿಕ್ಕಿತು, ಒಂದು ದಪ್ಪ ರಬ್ಬರ್ ಬ್ಯಾಂಡ್ ಅದರ ಚಿಕಿತ್ಸೆ. ನನ್ನ ಗೆಳೆಯನೊಬ್ಬ ಹಾಗೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡೇ ನಾಲ್ಕು ವರ್ಷ ಯಕ್ಷಗಾನದ ಫೋಟೊ ತೆಗೆದ.

ಮೆಮೊರಿ ಕಾರ್ಡಿನ ತಕರಾರುಗಳು ಹೆಚ್ಚು ಹೊತ್ತು ಬೇಡುವುದಿಲ್ಲ. ‘ಕಾರ್ಡ್ ಲಾಕ್ ಆಗಿದೆ’ ಎಂದರೆ ಎಸ್‌ಡಿ ಕಾರ್ಡಿನ ಎಡ ಅಂಚಿನ ಪುಟ್ಟ ಜಾರುಗುಂಡಿಯನ್ನು ಮೇಲಕ್ಕೆ ತಳ್ಳಿ. ಹಳೆಯ ಕ್ಯಾಮೆರಾಕ್ಕೆ ಹೊಸದಾಗಿ 64 ಜಿಬಿ ಕಾರ್ಡ್ ತಂದು ಹಾಕಿ ‘ಓದುತ್ತಿಲ್ಲ’ ಎನ್ನುವವರು ಬಹಳ. ತಪ್ಪು ಕ್ಯಾಮೆರಾದ್ದಲ್ಲ. 2 ಜಿಬಿ ಮೀರಿದ ಎಸ್‌ಡಿಎಚ್‌ಸಿ ಬಂದದ್ದು 2006ರಲ್ಲಿ, 32 ಜಿಬಿ ಮೀರಿದ ಎಸ್‌ಡಿಎಕ್ಸ್‌ಸಿ ಘೋಷಣೆಯಾದದ್ದು 2009ರಲ್ಲಿ. ಅದಕ್ಕೂ ಮುಂಚಿನ ಕ್ಯಾಮೆರಾಕ್ಕೆ ಆ ಭಾಷೆಯೇ ಗೊತ್ತಿರುವುದಿಲ್ಲ. ಮನೆಯಲ್ಲಿ ಬಿದ್ದಿರುವ 2 ಜಿಬಿ ಕಾರ್ಡನ್ನು ಎಸೆಯದೆ ಜೋಪಾನ ಮಾಡಿ. ಫಾರ್ಮ್ಯಾಟ್ ಮಾಡುವುದಿದ್ದರೆ ಕಂಪ್ಯೂಟರಿಗಿಂತ ಕ್ಯಾಮೆರಾದಲ್ಲೇ ಮಾಡುವುದು ಲೇಸು. ಮಾಡಬಾರದ್ದನ್ನು ಮಾಡಿ ಮಗಳ ನಾಮಕರಣದ ಚಿತ್ರವೆಲ್ಲ ಅಳಿಸಿಬಿಟ್ಟಿರಾದರೆ ಕಾರ್ಡನ್ನು ತಕ್ಷಣ ಹೊರಗೆ ತೆಗೆಯಿರಿ, ಅದರ ಮೇಲೆ ಮತ್ತೊಂದು ಫೋಟೊ ಬೀಳಬಾರದು. ಸಾಮಾನ್ಯವಾಗಿ ಅಳಿಸಿಹೋಗುವುದು ಪುಸ್ತಕದ ಪರಿವಿಡಿಯಷ್ಟೇ, ಹಾಳೆಗಳಲ್ಲ. ‘ಫೋಟೊರೆಕ್’ ಎಂಬ ಉಚಿತ ತಂತ್ರಾಂಶ ಆ ಹಾಳೆಗಳನ್ನು ಹೆಕ್ಕಿ ಕೊಡುತ್ತದೆ.

ಕೆಟ್ಟದ್ದು ಕ್ಯಾಮೆರಾವಲ್ಲ, ಸೆಟ್ಟಿಂಗು ಎನ್ನುವ ಪ್ರಸಂಗಗಳೂ ಇವೆ. ಫೋಟೊಗಳೆಲ್ಲ ನೀಲಿ ಬರುತ್ತಿವೆಯೇ? ವೈಟ್ ಬ್ಯಾಲೆನ್ಸ್ ಬಲ್ಬಿನ ಚಿತ್ರದ ಮೇಲೆ ನಿಂತಿದೆ. ಲೆನ್ಸ್ ಫೋಕಸ್ಸೇ ಮಾಡುತ್ತಿಲ್ಲವೇ? ಅದರ ಪಕ್ಕದ ಸ್ವಿಚ್ಚು ‘ಎಂಎಫ್’ಗೆ ಸರಿದಿದೆ. ಕಿಂಡಿಯಲ್ಲಿ ನೋಡಿದರೆ ಮಸುಕು, ಫೋಟೊ ಮಾತ್ರ ಚೊಕ್ಕ ಎಂದಾದರೆ ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ಯಾರೋ ತಿರುಗಿಸಿದ್ದಾರೆ. ಅದು ಕನ್ನಡಕದವರ ಅನುಕೂಲಕ್ಕೆ ಇರುವುದು. ನಿಕಾನ್ ಡಿಎಸ್‌ಎಲ್‌ಆರ್‌ಗೆ ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸ್ ಹಾಕಿದಾಗ ‘ಎಫ್‌ಇಇ’ ಎಂದು ಬಂದರೆ ಆ ರಿಂಗನ್ನು ಅತಿ ದೊಡ್ಡ ಅಂಕಿಗೆ ತಿರುಗಿಸಿ ಲಾಕ್ ಮಾಡಿದರೆ ಮುಗಿಯಿತು. ಎಲ್ಲಿ ಏನು ಬದಲಾಗಿದೆ ಎಂದು ತಿಳಿಯದಿದ್ದರೆ ಮೆನುವಿನ ಕೊನೆಯಲ್ಲಿ ‘ರೀಸೆಟ್’ ಇದೆ, ಸಂಕೋಚವಿಲ್ಲದೆ ಒತ್ತಿ.

ಈಗ ಅರ್ಧಕ್ಕೆ ನಿಂತ ಲೆನ್ಸಿನ ವಿಷಯ. ಸಣ್ಣ ಕ್ಯಾಮೆರಾಗಳು ಸಾಯುವುದು ಹೆಚ್ಚಾಗಿ ಹೀಗೆ. ಪರದೆಯ ಮೇಲೆ ‘ಲೆನ್ಸ್ ಎರರ್’ ಎಂದು ಬರುತ್ತದೆ, ಹಳೆಯ ಕೆನಾನ್‌ಗಳಲ್ಲಿ ‘ಇ18’ ಎಂದಷ್ಟೇ. ಲೆನ್ಸಿನ ಕೊಳವೆಗಳು ಒಂದರೊಳಗೊಂದು ಜಾರುವ ಉಂಗುರಗಳು. ಅವನ್ನು ತಿರುಗಿಸುವುದು ಬಟಾಣಿಗಿಂತ ಚಿಕ್ಕ ಪ್ಲಾಸ್ಟಿಕ್ ಹಲ್ಲುಚಕ್ರಗಳು. ಗೋಕರ್ಣದ್ದೋ ಮಲ್ಪೆಯದ್ದೋ ಒಂದು ಕಣ ಮರಳು ನಡುವೆ ಸಿಕ್ಕಿದರೆ ಸಾಕು. ಮೊದಲು ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ನೋಡಿ, ಏಕೆಂದರೆ ಬಡಕಲು ಬ್ಯಾಟರಿಯೂ ಇದೇ ಲಕ್ಷಣ ತೋರಿಸುತ್ತದೆ. ಆಮೇಲೆ ಬ್ಯಾಟರಿ ತೆಗೆದು, ಲೆನ್ಸನ್ನು ನೆಲದ ಕಡೆ ಮುಖಮಾಡಿ ಹಿಡಿದು, ರಬ್ಬರ್ ಬ್ಲೋವರಿನಿಂದ ಉಂಗುರಗಳ ಸಂದಿಗೆ ಸುತ್ತಲೂ ಗಾಳಿ ಹೊಡೆಯಿರಿ. ತೆಳು ಕಾಗದದ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ ನಿಧಾನ ಒಂದು ಸುತ್ತು ತಂದರೆ ಕೆಲವೊಮ್ಮೆ ಮರಳಿನ ಕಣ ಅಂಟಿ ಬರುತ್ತದೆ. ಅಂಗೈ ಮೇಲೆ ಮೆಲ್ಲಗೆ ತಟ್ಟಿ, ಮತ್ತೆ ಬ್ಯಾಟರಿ ಹಾಕಿ, ಲೆನ್ಸು ಕೆಳಮುಖವಾಗಿಯೇ ಇರುವಂತೆ ಆನ್ ಮಾಡಿ. ಮೂರು ನಾಲ್ಕು ಸಲ ಮಾಡಿದ ಮೇಲೆ ಹೊರಬಂದ ಲೆನ್ಸುಗಳನ್ನು ಕಂಡಿದ್ದೇನೆ.

ಕ್ಯಾಮೆರಾ ಕೈಜಾರಿ ಬಿದ್ದದ್ದಾದರೆ ಲೆನ್ಸನ್ನು ಪಕ್ಕದಿಂದ ನೋಡಿ. ಒಂದು ಕಡೆ ವಾಲಿದೆಯೆಂದರೆ ಉಂಗುರ ಹಳಿ ತಪ್ಪಿದೆ. ಎದ್ದು ನಿಂತ ಅಂಚನ್ನು ಬೆರಳಿನಿಂದ ಹಗುರವಾಗಿ ಒಳಕ್ಕೆ ಒತ್ತಿದಾಗ ‘ಟಿಕ್’ ಎಂದು ಕೂತುಬಿಡುವುದುಂಟು. ಇದು ಜೂಜು. ವಾರಂಟಿ ಮುಗಿದ, ಅಂಗಡಿಯವನು ಕೈಬಿಟ್ಟ ಕ್ಯಾಮೆರಾದ ಮೇಲೆ ಮಾತ್ರ ಆಡಬಹುದಾದದ್ದು.

ಒಂದು ಕೆಲಸ ಮಾತ್ರ ಖಂಡಿತ ಬೇಡ: ಎಣ್ಣೆ ಬಿಡುವುದು. ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಟ್ಟು ‘ಈಗ ಸಲೀಸಾಗಿ ಬರುತ್ತೆ’ ಎಂದು ತಂದುಕೊಟ್ಟವರೊಬ್ಬರಿದ್ದರು. ಲೆನ್ಸು ಸಲೀಸಾಗಿಯೇ ಬಂತು. ಆದರೆ ಎಣ್ಣೆ ಒಳಗೊಳಗೇ ಹರಿದು ಕೂದಲೆಳೆ ದಪ್ಪದ ಶಟರ್ ರೆಕ್ಕೆಗಳ ಮೇಲೆ ಕೂತಿತ್ತು. ಒದ್ದೆ ಹಾಳೆಗಳಂತೆ ಅವು ಒಂದಕ್ಕೊಂದು ಅಂಟಿಕೊಂಡವು, ಅಲ್ಲಿಗೆ ಅದರ ಕಥೆ ಮುಗಿಯಿತು.

ಲೆನ್ಸು ಸರಿಯಿದೆ, ಚಿತ್ರ ಸರಿಯಿಲ್ಲ ಎಂದಾದರೆ ಚಿತ್ರವನ್ನೇ ಕೇಳಬೇಕು. ಮೊದಲು ಹಳೆಯ ಫೋಟೊ ತೆರೆಯಿರಿ. ಅದು ಚೆನ್ನಾಗಿ ಕಂಡರೆ ಪರದೆಗೆ ಏನೂ ಆಗಿಲ್ಲ. ಹೊಸ ಫೋಟೊ ಪೂರ್ತಿ ಕಪ್ಪಾಗಿ ಬಂದರೆ ಶಟರ್ ಮುಚ್ಚಿಕೊಂಡೇ ಇದೆ, ಇಲ್ಲವೇ ಸೆನ್ಸರ್ ಹೋಗಿದೆ. ವಿಡಿಯೊ ಚೊಕ್ಕವಾಗಿ ಬರುತ್ತದೆ, ಬಿಸಿಲಿನಲ್ಲಿ ತೆಗೆದ ಫೋಟೊ ಮಾತ್ರ ಸುಣ್ಣ ಬಳಿದಂತೆ ಬಿಳಿಚಿಕೊಂಡು ಗೆರೆಗೆರೆಯಾಗಿದೆ ಎಂದರೆ ಶಟರ್ ತೆರೆದೇ ನಿಂತಿದೆ. ಸಣ್ಣ ಕ್ಯಾಮೆರಾಗಳಲ್ಲಿ ವಿಡಿಯೊಗೆ ಆ ರೆಕ್ಕೆಗಳ ಹಂಗಿಲ್ಲ. ಲೆನ್ಸಿನೊಳಗೆ ಟಾರ್ಚ್ ಬಿಟ್ಟುಕೊಂಡು ಕ್ಲಿಕ್ ಮಾಡಿ ನೋಡಿ. ಕಪ್ಪು ರೆಕ್ಕೆಗಳು ರೆಪ್ಪೆಯಂತೆ ಮಿಟುಕಬೇಕು. ಮಿಟುಕದಿದ್ದರೆ ಪಕ್ಕಕ್ಕೆ ಮೆಲ್ಲಗೆ ತಟ್ಟಿದಾಗ ಕೆಲವೊಮ್ಮೆ ಬಿಡಿಸಿಕೊಳ್ಳುತ್ತವೆ.

ಚಿತ್ರ ನೇರಳೆ ಬಣ್ಣಕ್ಕೆ ತಿರುಗಿ, ನೀರಿನಲ್ಲಿ ಕಲಸಿದಂತೆ ಅಲೆಅಲೆಯಾಗಿದ್ದರೆ, ಕ್ಯಾಮೆರಾ 2002ರಿಂದ 2004ರ ಆಸುಪಾಸಿನದಾಗಿದ್ದರೆ, ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಆ ಕಾಲದಲ್ಲಿ ಸೋನಿ ತಯಾರಿಸಿದ ಕೆಲವು ಸಿಸಿಡಿ ಸೆನ್ಸರ್‌ಗಳಲ್ಲಿ ಒಳಗಿನ ತಂತಿಗಳ ಬೆಸುಗೆ ಸೆಕೆಗೂ ತೇವಕ್ಕೂ ಬಿಟ್ಟುಕೊಳ್ಳುತ್ತಿತ್ತು. ಅದೇ ಸೆನ್ಸರನ್ನು ಕೊಂಡು ಬಳಸಿದ್ದ ಕೆನಾನ್, ನಿಕಾನ್, ಫ್ಯೂಜಿ ಮೊದಲಾದ ಕಂಪನಿಗಳೂ 2005ರ ಅಕ್ಟೋಬರ್ ಸುಮಾರಿಗೆ ಉಚಿತ ರಿಪೇರಿ ಘೋಷಿಸಬೇಕಾಯಿತು. ಆ ಅವಧಿ ಎಂದೋ ಮುಗಿದಿದೆ. ಅಂಥದ್ದನ್ನು ಹಳೆಯ ಸಾಮಾನಿನವರಲ್ಲಿ ಅಗ್ಗಕ್ಕೆ ಕಂಡರೂ ಕೊಳ್ಳಬೇಡಿ.

ಡಿಎಸ್‌ಎಲ್‌ಆರ್ ಇರುವವರ ದೂರು ಬೇರೆ: ಆಕಾಶದಲ್ಲಿ ಮಸುಕಾದ ಚುಕ್ಕೆಗಳು. ಲೆನ್ಸ್ ಒರೆಸಿ ಒರೆಸಿ ಸಾಕಾಗಿರುತ್ತದೆ. ಧೂಳಿರುವುದು ಲೆನ್ಸಿನಲ್ಲಲ್ಲ, ಸೆನ್ಸರಿನ ಮೇಲೆ. ಅಪರ್ಚರನ್ನು ಎಫ್ 22ಕ್ಕೆ ಇಟ್ಟು ಫೋಕಸ್ ತಪ್ಪಿಸಿ ಬರೀ ಆಕಾಶದ ಒಂದು ಫೋಟೊ ತೆಗೆಯಿರಿ. ಇರುವಷ್ಟೂ ಧೂಳು ಎದ್ದು ಕಾಣುತ್ತದೆ. ಆಮೇಲೆ ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆರಿಸಿ ಕನ್ನಡಿ ಮೇಲೆತ್ತಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬ್ಲೋವರಿನಿಂದ ಗಾಳಿ ಹೊಡೆಯಿರಿ. ಬ್ಯಾಟರಿ ತುಂಬಿರಲೇಬೇಕು. ನಡುವೆ ಕರೆಂಟು ಕೈಕೊಟ್ಟರೆ ಕನ್ನಡಿಯೂ ಶಟರೂ ಬ್ಲೋವರಿನ ಮೂತಿಯ ಮೇಲೆ ಬೀಳುತ್ತವೆ. ಚುಕ್ಕೆ ಹುಡುಕುವವರಿಗೆ ಒಂದು ಸುಳಿವು: ಚಿತ್ರದ ಮೇಲಿನ ಎಡಮೂಲೆಯ ಧೂಳು, ಎದುರಿನಿಂದ ನೋಡುವಾಗ ಸೆನ್ಸರಿನ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಬಾಯಿಂದ ಊದಬೇಡಿ, ಉಗುಳಿನ ಹನಿ ಧೂಳಿಗಿಂತ ಕಷ್ಟ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ, ಅದು ದ್ರವವನ್ನೇ ಎರಚಬಹುದು. ಇನ್ನು ಕಿಂಡಿಯಲ್ಲಿ ಮಾತ್ರ ಕಾಣುವ ಚುಕ್ಕೆ ಫೋಟೊದಲ್ಲಿ ಬರುವುದಿಲ್ಲ, ಅದರ ಪಾಡಿಗೆ ಬಿಟ್ಟುಬಿಡಿ.

ಕೆನಾನ್‌ನಲ್ಲಿ ‘ಎರರ್ 01’ ಬಂದರೆ ಲೆನ್ಸಿಗೂ ಬಾಡಿಗೂ ಮಾತು ನಿಂತಿದೆ ಎಂದು ಅರ್ಥ. ಲೆನ್ಸಿನ ಹಿಂದಿರುವ ಚಿನ್ನದ ಬಣ್ಣದ ಬಿಂದುಗಳನ್ನು ಐಪಿಎ ಸೋಕಿಸಿದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ನಮ್ಮಲ್ಲಿದೆ. ಅದರ ಪುಡಿ ಒಳಗೆ ಬೀಳುತ್ತದೆ, ಲೇಪವೂ ಸವೆಯುತ್ತದೆ.

ಮಲೆನಾಡಿನವನಾದ್ದರಿಂದ ಬೂಷ್ಟಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಆರಿದ್ರಾ ಹಿಡಿದರೆ ನಮ್ಮ ಕಡೆ ಚಪ್ಪಲಿಗೂ ಬೆಲ್ಟಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಬರುತ್ತದೆ, ಲೆನ್ಸನ್ನು ಬಿಡುತ್ತದೆಯೇ? ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂತೆ, ಒಣಗಿದ ಬಳ್ಳಿಯ ಕವಲಿನಂತೆ ಎಳೆಗಳು ಕಂಡರೆ ಅದೇ ಫಂಗಸ್. ಹೊರಗಿನ ಗಾಜಿನ ಮೇಲಿದ್ದರೆ ಐಪಿಎ ಹಚ್ಚಿದ ಲೆನ್ಸ್ ಬಟ್ಟೆಗೆ ಹೋಗುತ್ತದೆ. ಆದರೆ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಧೂಳಿನ ಮೇಲೆ ಪಂಚೆಯ ಅಂಚಿನಿಂದ ತಿಕ್ಕಿದರೆ ಗೀರು ಗ್ಯಾರಂಟಿ. ಒಳಗಿನ ಗಾಜುಗಳ ನಡುವೆ ಇದ್ದರೆ ಲೆನ್ಸ್ ಬಿಚ್ಚಬೇಕು. ಅದು ತಿಳಿದವರ ಕೆಲಸ. ಬಹಳ ದಿನ ಬಿಟ್ಟರೆ ಫಂಗಸ್ ಗಾಜಿನ ಲೇಪವನ್ನೇ ತಿಂದು ಗುರುತು ಉಳಿಸುತ್ತದೆ, ಆಮೇಲೆ ಒರೆಸಿದರೂ ಪ್ರಯೋಜನವಿಲ್ಲ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಗಾಬರಿ ಬೇಡ, ಚಿತ್ರದಲ್ಲಿ ಅದು ಕಾಣುವುದೇ ಇಲ್ಲ.

ಬರದಂತೆ ತಡೆಯುವುದಕ್ಕೆ ಖರ್ಚು ಕಡಿಮೆ. ರಬ್ಬರ್ ಅಂಚಿನ ಗಾಳಿಯಾಡದ ಅಡುಗೆ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ಹೈಗ್ರೋಮೀಟರ್. ಒಳಗಿನ ತೇವಾಂಶ ಶೇ 40ರಿಂದ 50ರಲ್ಲಿದ್ದರೆ ಕ್ಷೇಮ. ತೀರಾ ಒಣಗಿಸುವುದೂ ಒಳ್ಳೆಯದಲ್ಲ, ಉಂಗುರಗಳ ಗ್ರೀಸು, ರಬ್ಬರು ಬೇಗ ಹಳತಾಗುತ್ತವೆ. ನೀಲಿ ಜೆಲ್ ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಎಂದು ತಿಳಿಯಿರಿ. ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ನೀಲಿಯಲ್ಲಿ ಕೋಬಾಲ್ಟ್ ಇರುವುದರಿಂದ ದೋಸೆ ಕಾವಲಿಯ ಮೇಲೆ ಹುರಿಯಬಾರದು, ಅದಕ್ಕೇ ಬೇರೆ ಪಾತ್ರೆ ಇಡಿ. ಬೀರುವಿನ ಒಂದು ಖಾನೆಯಲ್ಲಿ ಜೀರೋ ಕ್ಯಾಂಡಲ್ ಬಲ್ಬ್ ಉರಿಸುವ ಹಳಬರ ಉಪಾಯವೂ ಕೆಟ್ಟದ್ದಲ್ಲ. ಕ್ಯಾಮೆರಾ ಜೊತೆ ಬಂದ ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಲು ಬಿಟ್ಟರೆ ಮಾತ್ರ ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ. ಅಡಿಕೆ ಒಣಗಿಸುವ ಹೊಗೆಯಟ್ಟದ ಮೇಲೆ ಕ್ಯಾಮೆರಾ ಇಟ್ಟವರನ್ನೂ ಬಲ್ಲೆ. ಬೂಷ್ಟು ಬರಲಿಲ್ಲ, ಫೋಟೊಗಳೆಲ್ಲ ಮಂಜು ಕವಿದ ಕುದುರೆಮುಖದಂತೆ ಬರತೊಡಗಿದವು.

ನೀರಿಗೆ ಬಿದ್ದ ಕ್ಯಾಮೆರಾ ಸಾಯುವುದು ನೀರಿನಿಂದಲ್ಲ, ‘ನಡೀತಿದೆಯಾ ನೋಡೋಣ’ ಎಂದು ಗುಂಡಿ ಒತ್ತುವ ಕೈಯಿಂದ. ಬ್ಯಾಟರಿ, ಕಾರ್ಡ್ ತೆಗೆಯಿರಿ, ಎಲ್ಲ ಮುಚ್ಚಳ ತೆರೆದಿಡಿ, ಒರೆಸಿ, ಫ್ಯಾನಿನ ಕೆಳಗೆ ಇಟ್ಟು ಆಮೇಲೆ ಸಿಲಿಕಾ ಜೆಲ್ ಡಬ್ಬಿಗೆ ಹಾಕಿ. ಮೂರು ನಾಲ್ಕು ದಿನ ಮರೆತುಬಿಡಿ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಲಾಭವಿಲ್ಲ, ಅಕ್ಕಿಯ ಹುಡಿ ಸಂದಿಗಳಿಗೆ ಇಳಿಯುವುದು ಮಾತ್ರ ನಿಜ. ಹೇರ್ ಡ್ರೈಯರ್ ಬಿಸಿ ಅಂಟನ್ನೂ ಪ್ಲಾಸ್ಟಿಕ್ಕನ್ನೂ ಸಡಿಲಿಸುತ್ತದೆ. ಸಮುದ್ರದ ನೀರಾದರೆ ಮನೆಮದ್ದಿನ ಮೇಲೆ ಭರವಸೆ ಇಡಬೇಡಿ, ಉಪ್ಪು ಬೋರ್ಡನ್ನು ಗಂಟೆಗಳಲ್ಲೇ ತಿನ್ನಲು ಶುರುಮಾಡುತ್ತದೆ. ಅದೇ ದಿನ ರಿಪೇರಿಯವರ ಹತ್ತಿರ ಒಯ್ಯಿರಿ.

ಇಷ್ಟೂ ಆದ ಮೇಲೆ ಸ್ಕ್ರೂ ಡ್ರೈವರಿನ ಮಾತು. ಫ್ಲ್ಯಾಶ್ ಇರುವ ಯಾವ ಕ್ಯಾಮೆರಾವನ್ನೂ ಬಿಚ್ಚುವ ಮುಂಚೆ ಒಂದು ಸಂಗತಿ ತಿಳಿದಿರಬೇಕು. ಆನ್ ಮಾಡಿದಾಗ ಕಿವಿಗೊಟ್ಟರೆ ‘ಕುಂಯ್’ ಎಂದು ಏರುವ ಸಣ್ಣ ಸದ್ದು ಕೇಳುತ್ತದಲ್ಲ, ಅದು ಮೂರು ವೋಲ್ಟಿನ ಸೆಲ್ಲಿನಿಂದ ಸುಮಾರು 300 ವೋಲ್ಟ್ ಹುಟ್ಟಿಸುವ ಸದ್ದು. ಅದೆಲ್ಲ ಹೆಬ್ಬೆರಳಿನ ತುದಿಯಷ್ಟು ಗಾತ್ರದ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ, ಬ್ಯಾಟರಿ ತೆಗೆದ ಮೇಲೂ ಬಹಳ ಹೊತ್ತು, ಕೆಲವೊಮ್ಮೆ ದಿನಗಟ್ಟಲೆ, ಅಲ್ಲೇ ಇರುತ್ತದೆ. ನಾನು ಒಮ್ಮೆ ಮುಟ್ಟಿದ್ದೇನೆ. ಕೈ ತಾನಾಗಿಯೇ ಹಿಂದಕ್ಕೆ ಹಾರಿ ಕ್ಯಾಮೆರಾ ಗೋಡೆಗೆ ಬಡಿಯಿತು. ಎಲೆಕ್ಟ್ರಾನಿಕ್ಸ್ ಗೊತ್ತಿದ್ದು, ಕೆಪಾಸಿಟರಿನ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ ಮೀಟರಿನಲ್ಲಿ ಅಳೆದು ನೋಡುವ ಅಭ್ಯಾಸ ಇರುವವರು ಮಾತ್ರ ಮುಂದುವರಿಯಲಿ. ಅವರಿಗೂ ಎರಡು ಮಾತು. ಜಪಾನಿನ ಕ್ಯಾಮೆರಾಗಳ ಎಷ್ಟೋ ಸ್ಕ್ರೂಗಳು ‘ಜೆಐಎಸ್’ ಮಾದರಿಯವು, ನಮ್ಮ ಸ್ಟಾರ್ ಸ್ಕ್ರೂ ಡ್ರೈವರ್ ಅವುಗಳ ತಲೆ ಕೆಡಿಸುತ್ತದೆ. ಒಳಗಿನ ಕಿತ್ತಳೆ ಬಣ್ಣದ ರಿಬ್ಬನ್ ಕೇಬಲ್ಲನ್ನು ಎಳೆಯಬಾರದು. ಅದನ್ನು ಹಿಡಿದಿರುವ ಕಪ್ಪು ರೆಪ್ಪೆಯನ್ನು ಉಗುರಿನಿಂದ ಎತ್ತಿದರೆ ತಾನಾಗಿ ಬಿಡುತ್ತದೆ. ಬಿಚ್ಚುತ್ತಾ ಹೋದಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಬಿಳಿ ಹಾಳೆಯ ಮೇಲೆ ಕ್ಯಾಮೆರಾದ ಚಿತ್ರ ಬರೆದು ಆಯಾ ಸ್ಕ್ರೂವನ್ನು ಆಯಾ ಜಾಗದಲ್ಲೇ ಟೇಪಿನಿಂದ ಅಂಟಿಸಿ.

ಪಾರ್ಟ್ಸ್ ಬರುವುದಿಲ್ಲ ಎನ್ನುವ ಮಾತು ಅರ್ಧ ನಿಜ. ಕಂಪನಿಯಿಂದ ಬರುವುದಿಲ್ಲ. ಆದರೆ 2010ರ ಒಂದೇ ವರ್ಷದಲ್ಲಿ ಜಪಾನಿನ ಕಂಪನಿಗಳು 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳನ್ನು ಜಗತ್ತಿಗೆ ಕಳಿಸಿದ್ದವು; ಅವುಗಳಲ್ಲಿ ಬಹುಪಾಲು ಈಗ ಯಾರದೋ ಬೀರುವಿನಲ್ಲಿವೆ. ನಿಮ್ಮದೇ ಮಾಡೆಲ್ಲಿನ ಇನ್ನೊಂದು ಕೆಟ್ಟ ಕ್ಯಾಮೆರಾ ಸಿಕ್ಕಿದರೆ, ಒಂದರ ಲೆನ್ಸು ಒಂದರ ಬೋರ್ಡು ಸೇರಿಸಿ ಒಂದನ್ನು ಎಬ್ಬಿಸಬಹುದು. ರಿಪೇರಿಗೆ ಕೊಡುವಾಗ ‘ಆನ್ ಆಗ್ತಿಲ್ಲ’ ಎಂದಷ್ಟೇ ಹೇಳಬೇಡಿ. ಏನೇನು ಪರೀಕ್ಷೆ ಮಾಡಿದಿರಿ, ಯಾವ ಬ್ಯಾಟರಿ ಹಾಕಿದಾಗ ಏನಾಯಿತು, ಪರದೆಯಲ್ಲಿ ಯಾವ ಅಂಕಿ ಬಂತು ಎಂದು ಚೀಟಿ ಬರೆದು ಕೊಡಿ. ಆಗ ‘ಬೋರ್ಡ್ ಹೋಗಿದೆ’ ಎನ್ನುವ ಮುಂಚೆ ಅವರೂ ಸ್ವಲ್ಪ ಯೋಚಿಸುತ್ತಾರೆ.

ನಮ್ಮ ಹುಡುಗಿಯ ಕ್ಯಾಮೆರಾ ಹೊಸ ರೀಚಾರ್ಜ್ ಸೆಲ್ಲಿಗೆ ಎದ್ದಿತು. ಒಂದು ರೋಗ ಉಳಿದಿದೆ: ಸೆಲ್ ಬದಲಿಸಿದಾಗಲೆಲ್ಲ ತಾರೀಖು 2007ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ಒಳಗೆ ಗಡಿಯಾರಕ್ಕೆಂದೇ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕೆಲವದರಲ್ಲಿ ಗುಂಡಿ ಸೆಲ್, ಸೆಲ್ಲಿನ ಗೂಡಿನ ಪಕ್ಕದ ಪುಟ್ಟ ತಟ್ಟೆ ಎಳೆದು ಬದಲಿಸಬಹುದು. ಇನ್ನು ಕೆಲವದರಲ್ಲಿ ಅದು ಮುಖ್ಯ ಬ್ಯಾಟರಿಯಿಂದಲೇ ತುಂಬಿಕೊಳ್ಳುತ್ತದೆ. ಚಾರ್ಜ್ ಆದ ಬ್ಯಾಟರಿ ಹಾಕಿ ಒಂದು ದಿನ ಹಾಗೇ ಇಟ್ಟರೆ ಸರಿಹೋಗಬಹುದು. ಇದರದ್ದು ಎರಡನೆಯ ಬಗೆ, ಒಂದು ದಿನ ಇಟ್ಟು ನೋಡೋಣ ಎಂದೆ. ‘ಬೇಡ ಚಿಕ್ಕಪ್ಪ, ಹಾಗೇ ಇರಲಿ’ ಎಂದು ಕ್ಯಾಮೆರಾ ಕಸಿದುಕೊಂಡಳು. ಕಳೆದ ವಾರ ಅವರ ಕಾಲೇಜಿನ ಹಬ್ಬದ ಫೋಟೊಗಳನ್ನು ಕಳಿಸಿದ್ದಾಳೆ. ಎಲ್ಲದರ ಮೂಲೆಯಲ್ಲೂ ಕಿತ್ತಳೆ ಬಣ್ಣದಲ್ಲಿ 2007.